ಬೂಸ್ಟರ್ ಅಳೆಯುವ ಕಿಟ್: ಆರು ತಿಂಗಳು ಬಳಸಿದ ಮೇಲೆ

ಕೋವಿಡ್ ಬೂಸ್ಟರ್ ಹಾಕಿಸಿಕೊಂಡವರ ಸೀರಮ್ಮಿನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ವೈರಸ್ಸನ್ನು ತಡೆಯುವ ಆಂಟಿಬಾಡಿ ಎಷ್ಟಿದೆ ಎಂದು ನೋಡುವ ಕಿಟ್ ಇದು. ನಮ್ಮ ಲ್ಯಾಬಿನಲ್ಲಿ ಆರು ತಿಂಗಳಿಂದ ನಾನೇ ಬಳಸುತ್ತಿದ್ದೇನೆ. ಜೀವಂತ ವೈರಸ್ ಇಟ್ಟು ಪರೀಕ್ಷೆ ಮಾಡಬೇಕೆಂದರೆ ಅಪಾಯಕಾರಿ ರೋಗಾಣುಗಳಿಗೆಂದೇ ಬಿಗಿ ಭದ್ರತೆ ಇರುವ ಬಿಎಸ್‌ಎಲ್-3 ಲ್ಯಾಬ್ ಬೇಕು, ದಿನಗಟ್ಟಲೆ ಕಾಯಬೇಕು. ಇದರಲ್ಲಿ ವೈರಸ್ಸೇ ಇಲ್ಲ. ಬೆಳಗ್ಗೆ ಶುರು ಮಾಡಿದರೆ ಮಧ್ಯಾಹ್ನದೊಳಗೆ ಫಲಿತಾಂಶ ಕೈಯಲ್ಲಿರುತ್ತದೆ.

ಪ್ಲೇಟಿನಲ್ಲಿ 96 ವೆಲ್, ಅಂದರೆ ಪುಟ್ಟ ಗುಳಿಗಳು. ಪ್ರತಿಯೊಂದರ ತಳದಲ್ಲೂ ಎಸಿಇ2 ಎಂಬ ಪ್ರೋಟೀನ್ ಅಂಟಿಸಿರುತ್ತಾರೆ. ನಮ್ಮ ಜೀವಕೋಶದ ಮೇಲೆ ವೈರಸ್ ಬಂದು ಹಿಡಿದುಕೊಳ್ಳುವುದು ಇದನ್ನೇ. ವೈರಸ್ಸಿನ ಮೈಮೇಲಿನ ಮುಳ್ಳಿನಂಥ ಪ್ರೋಟೀನ್ ಸ್ಪೈಕ್. ಅದರಲ್ಲಿ ಹಾಗೆ ಹಿಡಿದುಕೊಳ್ಳುವ ತುಂಡಿನ ಹೆಸರು ಆರ್‌ಬಿಡಿ. ಕಿಣ್ವ ಜೋಡಿಸಿದ ಆರ್‌ಬಿಡಿಯನ್ನು ಸೀರಮ್ಮಿನ ಜೊತೆ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು, ಆಮೇಲೆ ಪ್ಲೇಟಿಗೆ ಹಾಕುತ್ತೇನೆ. ಆಂಟಿಬಾಡಿ ಆಗಲೇ ಅದನ್ನು ಹಿಡಿದಿದ್ದರೆ ತಳಕ್ಕೆ ಅಂಟುವುದಿಲ್ಲ, ತೊಳೆದಾಗ ಹೊರಟುಹೋಗುತ್ತದೆ. ಕೊನೆಗೆ ಟಿಎಂಬಿ (ಆ ಕಿಣ್ವ ಉಳಿದಿದ್ದರೆ ನೀಲಿಯಾಗುವ ದ್ರವ) ಹಾಕಿದಾಗ ಆಂಟಿಬಾಡಿ ಇಲ್ಲದ ವೆಲ್ ನೀಲಿಯಾಗುತ್ತದೆ, ಆಂಟಿಬಾಡಿ ಚೆನ್ನಾಗಿರುವ ವೆಲ್ ನೀರಿನಂತೆ ತಿಳಿಯಾಗಿ ಉಳಿಯುತ್ತದೆ. ಆಸಿಡ್ ಬಿದ್ದರೆ ನೀಲಿ ಹೋಗಿ ಹಳದಿ. ಅದನ್ನು ರೀಡರ್ 450 ನ್ಯಾನೋಮೀಟರ್‌ನಲ್ಲಿ ಓದುತ್ತದೆ. ಬಣ್ಣ ಬಂದರೆ ಪಾಸಿಟಿವ್ ಎಂಬ ಅಭ್ಯಾಸ ಇರುವವರಿಗೆ ಮೊದಲ ವಾರ ಎಲ್ಲಾ ತಲೆಕೆಳಗಾಗಿ ಕಾಣುತ್ತದೆ.

ಇಷ್ಟರಲ್ಲಿ ತಕರಾರಿಲ್ಲ. ನನ್ನ ತಕರಾರು ಕೈಪಿಡಿಯ ಮೇಲೆ. ಸೀರಮ್ಮನ್ನು ಹತ್ತು ಪಟ್ಟು ತೆಳು ಮಾಡಿ ಒಂದೇ ಸಲ ಓದಿ ಎನ್ನುತ್ತದೆ ಅದು. ಹಾಗೇ ಮಾಡಿದೆ, ನನ್ನದೇ ರಕ್ತದ ಮೇಲೆ. ಬೂಸ್ಟರ್ ದಿನ ಶೇ. 95 ತಡೆ, 28 ದಿನದ ಮೇಲೆ ಶೇ. 97. ಅಷ್ಟೇನಾ ಅನ್ನಿಸಿತು. ಆದರೆ ಶೇ. 95 ಅಂದರೆ ಆರ್‌ಬಿಡಿ ಬಹುಪಾಲು ಆಗಲೇ ಸಿಕ್ಕಿಬಿದ್ದಿದೆ, ಇನ್ನು ಏರಲು ಜಾಗವೇ ಇಲ್ಲ ಅಲ್ವಾ?

ಮಾರನೆಯ ದಿನ ಅದೇ ಎರಡು ಸೀರಮ್ಮನ್ನು 20 ಪಟ್ಟು, 40, 80 ಎಂದು ಇಮ್ಮಡಿ ಮಾಡುತ್ತಾ 1280ರವರೆಗೆ ತೆಳು ಮಾಡಿ ಸಾಲಾಗಿ ಹಾಕಿದೆ. ತಡೆ ಅರ್ಧಕ್ಕೆ ಇಳಿಯುವುದು ಎಲ್ಲಿ ಎಂದು ನೋಡುವುದು. ಬೂಸ್ಟರ್‌ಗೆ ಮುಂಚೆ 80ರಲ್ಲಿ, ಆಮೇಲೆ 640ರಲ್ಲಿ. ಎಂಟು ಪಟ್ಟು! ಫ್ಲೂ ಲಸಿಕೆಯವರು ದಶಕಗಳಿಂದ ಹೀಗೇ ಅಳೆಯುತ್ತಾರೆ, ನಾಲ್ಕು ಪಟ್ಟಾದರೂ ಏರಿದರೆ ಮಾತ್ರ ಏರಿಕೆ ಎನ್ನುತ್ತಾರೆ. ಒಂದು ವೆಲ್ ಆಚೀಚೆ ಆಗುವುದು ಕೈತಪ್ಪಿನಿಂದಲೂ ಆಗಬಹುದು, ಅದಕ್ಕೆ.

ಇದೆಲ್ಲ ಮೊದಲಿನ ವೈರಸ್ಸಿನ ಆರ್‌ಬಿಡಿ ಮೇಲೆ. ಡಬ್ಬಿಯಲ್ಲಿ ಬರುವುದು ಅದೊಂದೇ. 2021ರ ನವೆಂಬರ್‌ನಲ್ಲಿ ಹೆಸರು ಪಡೆದ ಓಮಿಕ್ರಾನ್‌ನ ಆರ್‌ಬಿಡಿಯಲ್ಲಿ ಸುಮಾರು 15 ಬದಲಾವಣೆಗಳಿವೆ. ಅದನ್ನು ಬೇರೆಯಾಗಿ ತರಿಸಬೇಕಾಯಿತು. ತರಿಸಿ, ಕೆಳಗಿನ ಸಾಲಿಗೆ ಅದೇ 28ನೇ ದಿನದ ಸೀರಮ್ ಹಾಕಿದೆ. ಮೇಲಿನ ಸಾಲಿನಲ್ಲಿ, ಅಂದರೆ ಮೊದಲಿನ ವೈರಸ್ಸಿನದರಲ್ಲಿ, ಅರ್ಧ ನೀಲಿ ಬಂದದ್ದು ಆರನೇ ವೆಲ್‌ನಲ್ಲಿ, 640ರಲ್ಲಿ. ಕೆಳಗಿನ ಸಾಲಿನಲ್ಲಿ ಮೂರನೆಯದರಲ್ಲೇ, 80ರಲ್ಲಿ. ಪ್ಲೇಟ್ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಬೂಸ್ಟರ್‌ಗೆ ಮುಂಚಿನ ಸೀರಮ್ ಓಮಿಕ್ರಾನ್ ಎದುರು ಮೊದಲ ವೆಲ್‌ನಲ್ಲೇ ಸೋತಿತ್ತು. ಅಂದರೆ ಬೂಸ್ಟರ್ ಎರಡರ ಮೇಲೂ ಏರಿಸಿದೆ, ನಡುವಿನ ಅಂತರ ಮಾತ್ರ ಹೋಗಿಲ್ಲ. ಡಬ್ಬಿಯಲ್ಲಿ ಬಂದದ್ದನ್ನಷ್ಟೇ ಬಳಸಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಸಣ್ಣ ಪುಟ್ಟ ಮಾತು: ಅಂಚಿನ ವೆಲ್‌ಗಳು ಬೇಗ ಆರುತ್ತವೆ, ಸೀಲ್ ಸರಿಯಾಗಿ ಒತ್ತಿ. ವಿಶ್ವ ಆರೋಗ್ಯ ಸಂಸ್ಥೆ 2020ರ ಡಿಸೆಂಬರ್‌ನಲ್ಲೇ ಅಂತರರಾಷ್ಟ್ರೀಯ ಮಾನದಂಡವಾಗಿ ಒಂದು ಪ್ಲಾಸ್ಮಾ ಮಾದರಿಯನ್ನು ಒಪ್ಪಿಕೊಂಡಿದೆ. ಅದಕ್ಕೆ ಹೋಲಿಸಿದ ಕ್ಯಾಲಿಬ್ರೇಟರ್ (ಅಳತೆ ಸರಿಹೊಂದಿಸುವ ಮಾದರಿ) ಈ ಡಬ್ಬಿಯಲ್ಲಿಲ್ಲ, ಹಾಗಾಗಿ ನನ್ನ 640 ಇನ್ನೊಂದು ಲ್ಯಾಬಿನ 640 ಆಗಬೇಕೆಂದಿಲ್ಲ. ಇನ್ನು, ಸೀರಮ್ ಕೊಟ್ಟವರು ಬಂದು "ನಾನು ಸೇಫಾ?" ಎಂದು ಕೇಳುತ್ತಾರೆ. ಈ ಸಂಖ್ಯೆ ನೋಡಿ ಉತ್ತರ ಕೊಡಬೇಡಿ. ಸ್ಪೈಕ್‌ನ ಬೇರೆ ಕಡೆ ಹಿಡಿಯುವ ಆಂಟಿಬಾಡಿಗಳಾಗಲಿ, ನೆನಪಿನ ಬಿ ಕೋಶ, ಟಿ ಕೋಶಗಳಾಗಲಿ ಇದರ ಕಣ್ಣಿಗೆ ಬೀಳುವುದಿಲ್ಲ.

ಮತ್ತೆ ಕೊಳ್ಳುತ್ತೇನೆ, ಹೊಸ ತಳಿಗಳ ಆರ್‌ಬಿಡಿ ಜೊತೆಯಲ್ಲೇ ತರಿಸಿಕೊಂಡು. 28ನೇ ದಿನದ ಸೀರಮ್ ಇನ್ನೂ ಮೂರು ಟ್ಯೂಬ್ ಮೈನಸ್ 80 ಡಿಗ್ರಿ ಫ್ರೀಜರಿನಲ್ಲಿದೆ. ಓಮಿಕ್ರಾನ್‌ನ ಉಪತಳಿ ಜೆಎನ್.1ರ ಆರ್‌ಬಿಡಿ ಬಂದ ದಿನ ಮೊದಲು ತೆಗೆಯುವುದು ಅದನ್ನೇ.