ಸೆಸ್ನಾ 172ಎಸ್: ಅವಸರದಲ್ಲಿ ಇಳಿಸುವವರನ್ನು ಇದು ಎಷ್ಟು ಸಹಿಸುತ್ತದೆ?

ಸೆಸ್ನಾ 172ಕ್ಕೆ ಸಾಧು ವಿಮಾನವೆಂಬ ಹೆಸರು ಹಳೆಯದು. 1956ರಿಂದೀಚೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಅದರ ‘ಎಸ್’ ಮಾದರಿ 1998ರಲ್ಲಿ ಬಂತು. 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, 2,550 ಪೌಂಡ್ ಗರಿಷ್ಠ ತೂಕ, ನಾಲ್ಕು ಸೀಟು. ಆಸನ, ನೋಟ, ಇಂಧನ ಖರ್ಚಿನ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಇಲ್ಲಿ ನೋಡುವುದು ಒಂದನ್ನೇ: ಪೈಲಟ್ ಗಡಿಬಿಡಿಯಲ್ಲಿ ಇಳಿಸಲು ಹೊರಟಾಗ ಈ ವಿಮಾನ ಹೇಗೆ ನಡೆದುಕೊಳ್ಳುತ್ತದೆ?

ನಮ್ಮ ತೀರ್ಪು ಇಷ್ಟು: ವೇಗ ಕಡಿಮೆಯಾದರೆ ಕೂಗಿ ಎಚ್ಚರಿಸುತ್ತದೆ, ಜಾಸ್ತಿಯಾದರೆ ಸುಮ್ಮನಿರುತ್ತದೆ. ಪೆಟ್ಟು ಬೀಳುವುದು ಆ ಮೌನದಲ್ಲೇ.

ಮೊದಲು ಒಳ್ಳೆಯದು. ಫ್ಲಾಪ್ (ರೆಕ್ಕೆಯ ಹಿಂಬದಿಯಲ್ಲಿ ಇಳಿಸಬಹುದಾದ ಪಟ್ಟಿ) ಪೂರ್ತಿ ಇಳಿಸಿದಾಗ 40 ನಾಟ್‌ಗೆ, ಫ್ಲಾಪ್ ಇಲ್ಲದಿದ್ದರೆ 48 ನಾಟ್‌ಗೆ ಸ್ಟಾಲ್ ಆಗುತ್ತದೆ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿಯುತ್ತದೆ (1 ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.). ಅದಕ್ಕೂ 5ರಿಂದ 10 ನಾಟ್ ಮೊದಲೇ ಎಡ ರೆಕ್ಕೆಯ ಅಂಚಿನ ತೂತಿನಿಂದ ಗಾಳಿ ಎಳೆದು ಊದುವ ಪೀಪಿ ಕೇಳಿಸುತ್ತದೆ. ಅದಕ್ಕೆ ವಿದ್ಯುತ್ ಬೇಡ, ಬ್ಯಾಟರಿ ಸತ್ತರೂ ಕೂಗುತ್ತದೆ. ಯೋಕ್ (ಪೈಲಟ್ ಕೈಯಲ್ಲಿರುವ ನಿಯಂತ್ರಣದ ಹಿಡಿ) ಸ್ವಲ್ಪ ಸಡಿಲಿಸಿದರೆ ರೆಕ್ಕೆ ಮತ್ತೆ ಹಾರುತ್ತದೆ. ಆದರೆ ಈ ಸೌಮ್ಯತನ ಉಪಕರಣದ ಚೆಂಡು ನಡುವೆ ಇದ್ದಾಗ, ಅಂದರೆ ವಿಮಾನ ಪಕ್ಕಕ್ಕೆ ಜಾರದಿರುವಾಗ ಮಾತ್ರ. ಇಳಿಯುವ ಮುನ್ನ ರನ್‌ವೇ ಬಳಿ ಹಾಕುವ ಸುತ್ತನ್ನು (ಸರ್ಕ್ಯೂಟ್) ಕಿರಿದು ಮಾಡಿ, ಅದರ ಅಡ್ಡ ಹಾದಿಯಾದ ಬೇಸ್‌ನಿಂದ ರನ್‌ವೇಗೆ ನೇರವಾದ ಕೊನೆಯ ಹಾದಿ ಫೈನಲ್‌ಗೆ ತಿರುಗುವಾಗ ರನ್‌ವೇ ಗೆರೆ ದಾಟಿಹೋದರೆ, ಒಳಬದಿಯ ರಡ್ಡರ್ (ಬಾಲದ ಚುಕ್ಕಾಣಿಯ ಪೆಡಲ್) ಒತ್ತಿ ಮೂಗನ್ನು ಎಳೆದು ತರುವ ಆಸೆ ಹುಟ್ಟುತ್ತದೆ. 45 ಡಿಗ್ರಿ ಓರೆಯಾಗಿ ಎತ್ತರ ಕಾಯ್ದುಕೊಂಡರೆ 48 ನಾಟ್‌ನ ಸ್ಟಾಲ್ ವೇಗ ಸುಮಾರು 57ಕ್ಕೆ ಏರುತ್ತದೆ. ಅದರ ಮೇಲೆ ರಡ್ಡರ್ ಎಳೆತವೂ ಸೇರಿದರೆ ಒಂದು ರೆಕ್ಕೆ ಮೊದಲು ಬಿದ್ದು ವಿಮಾನ ಗಿರಕಿ ಹೊಡೆಯುತ್ತಾ ಬೀಳುತ್ತದೆ (ಸ್ಪಿನ್). ಆ ಎತ್ತರದಲ್ಲಿ ಸ್ಪಿನ್‌ನಿಂದ ಹೊರಬರಲು ಜಾಗ ಇರುವುದಿಲ್ಲ. ಗೆರೆ ದಾಟಿತೇ? ಓರೆ 30 ಡಿಗ್ರಿ ಮೀರಿಸದೆ, ಆ ಪ್ರಯತ್ನ ಬಿಟ್ಟು ಮೇಲೇರಿ.

ಇನ್ನು ಹೆಚ್ಚಿನ ವೇಗದ ಕಥೆ. ಕೈಪಿಡಿಯ ಪ್ರಕಾರ ಪೂರ್ತಿ ಫ್ಲಾಪ್‌ನಲ್ಲಿ ಫೈನಲ್ ವೇಗ 60ರಿಂದ 70 ನಾಟ್, ಚಿಕ್ಕ ರನ್‌ವೇಗೆ 61. ಅವಸರದ ಪೈಲಟ್ ತಡವಾಗಿ ಇಳಿಯಲು ಶುರುಮಾಡಿ 90ರಲ್ಲಿ ಫೈನಲ್‌ಗೆ ಬರುತ್ತಾನೆ. ಮೊದಲ 10 ಡಿಗ್ರಿ ಫ್ಲಾಪ್‌ಗೆ 110 ನಾಟ್‌ವರೆಗೆ ಅವಕಾಶವಿದೆ, ಅದರಾಚೆಗಿನದಕ್ಕೆ 85ರ ಮಿತಿ. ಅಂದರೆ ಬ್ರೇಕಿನಂತೆ ಬಳಸಬೇಕೆಂದುಕೊಂಡ ಫ್ಲಾಪ್ ಬೇಕಾದಾಗಲೇ ಕೈಗೆ ಸಿಗುವುದಿಲ್ಲ. ವೇಗ ಇಳಿದ ಮೇಲೆ ಒಮ್ಮೆಗೇ ಪೂರ್ತಿ ಕೆಳಕ್ಕೆ ಎಳೆದರೆ ಮೂಗು ಮೇಲೇಳುತ್ತದೆ. ಯೋಕ್ ಮೇಲಿನ ಒತ್ತಡ ಕಳೆಯುವ ಚಕ್ರವಾದ ಟ್ರಿಮ್ ತಿರುಗಿಸಲು ವ್ಯವಧಾನವಿಲ್ಲದೆ ಯೋಕನ್ನು ಮುಂದೆ ಒತ್ತುತ್ತಾನೆ, ಕಳೆದುಕೊಂಡ ವೇಗ ಮತ್ತೆ ಬರುತ್ತದೆ. ಎತ್ತರ ಹೆಚ್ಚಿದೆಯೆಂದು ಪೂರ್ತಿ ಫ್ಲಾಪ್‌ನಲ್ಲೇ ಕಡಿದಾದ ಸ್ಲಿಪ್ (ಬೇಗ ಇಳಿಯಲು ವಿಮಾನವನ್ನು ಓರೆಯಾಗಿಸಿ ಪಕ್ಕಕ್ಕೆ ಜಾರಿಸುವುದು) ಹಾಕುವುದೂ ಬೇಡ. ಫ್ಲಾಪ್ 20 ಡಿಗ್ರಿ ಮೀರಿದರೆ ಎಲಿವೇಟರ್ (ಮೂಗನ್ನು ಏರಿಳಿಸುವ ಬಾಲದ ಪಟ್ಟಿ) ಅಲುಗಬಹುದೆಂದು ಕೈಪಿಡಿಯೇ ಎಚ್ಚರಿಸುತ್ತದೆ.

ಸಮುದ್ರಮಟ್ಟ, ಗಾಳಿಯಿಲ್ಲದ ಹೊತ್ತು, ಒಣ ರನ್‌ವೇ, ಪೂರ್ಣ ತೂಕ, 61 ನಾಟ್: ಕೈಪಿಡಿಯ ಲೆಕ್ಕದಲ್ಲಿ ನೆಲದ ಓಟ 575 ಅಡಿ, 50 ಅಡಿಯ ಅಡ್ಡಿ ದಾಟಿ ನಿಲ್ಲಲು ಒಟ್ಟು 1,335 ಅಡಿ. ಅದೇ ವಿಮಾನ 75ರಲ್ಲಿ ಬಂದರೆ ಕರಗಿಸಬೇಕಾದ ಶಕ್ತಿ ಒಂದೂವರೆ ಪಟ್ಟು, ಏಕೆಂದರೆ ಲೆಕ್ಕ ವೇಗದ ವರ್ಗದ್ದು. ಇದರಲ್ಲಿ ಬಹುಪಾಲು ಬ್ರೇಕಿಗೆ ಹೋಗುವುದೂ ಇಲ್ಲ. 36 ಅಡಿ ಉದ್ದದ ರೆಕ್ಕೆ ನೆಲದ ಹತ್ತಿರ ಗಾಳಿಯ ಮೆತ್ತೆಯ ಮೇಲೆ ತೇಲುತ್ತಾ ಹೋಗುತ್ತದೆ, ರನ್‌ವೇ ಹಿಂದೆ ಸರಿಯುತ್ತದೆ.

ನಿಜವಾದ ತಪ್ಪು ನಡೆಯುವುದು ಈಗ. ಇಳಿಯದ ವಿಮಾನವನ್ನು ಪೈಲಟ್ ಒತ್ತಿ ಇಳಿಸುತ್ತಾನೆ, ಮೂಗಿನ ಚಕ್ರ ಮೊದಲು ತಾಗುತ್ತದೆ. ಪುಟಿದಾಗ ಮತ್ತೆ ಮುಂದೆ ಒತ್ತುತ್ತಾನೆ. ಅವನ ಕೈ ವಿಮಾನಕ್ಕಿಂತ ಅರ್ಧ ಹೆಜ್ಜೆ ಹಿಂದಿರುವುದರಿಂದ ಪ್ರತಿ ಪುಟಿತ ಹಿಂದಿನದಕ್ಕಿಂತ ದೊಡ್ಡದು. ಮುಖ್ಯ ಚಕ್ರಗಳ ಕಾಲು ಸ್ಪ್ರಿಂಗ್ ಉಕ್ಕಿನದು, ಪೆಟ್ಟನ್ನು ನುಂಗಿ ವಾಪಸ್ ಕೊಡುತ್ತದೆ. ಮೂಗಿನ ಕಾಲು ಗಾಳಿ ಮತ್ತು ಎಣ್ಣೆಯ ಸ್ಟ್ರಟ್, ಅದು ಕೂತಿರುವುದು ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತೆಳು ತಗಡಿನ ಗೋಡೆಯಾದ ಫೈರ್‌ವಾಲ್ ಮೇಲೆ. ಮೊದಲು ಫೈರ್‌ವಾಲ್ ಸುಕ್ಕಾಗುತ್ತದೆ, ಆಮೇಲೆ ಪ್ರೊಪೆಲರ್ ನೆಲಕ್ಕೆ ಬಡಿಯುತ್ತದೆ, ಅಲ್ಲಿಗೆ ಎಂಜಿನ್ ಬಿಚ್ಚಿ ತಪಾಸಣೆ ಮಾಡಿಸಬೇಕು. ತರಬೇತಿ ವಿಮಾನಕ್ಕೆ ಇದು ಈ ವಿನ್ಯಾಸದ ದೊಡ್ಡ ಕೊರತೆ ಎಂದೇ ನಮ್ಮ ಎಣಿಕೆ. ಪುಟಿತ ಚಿಕ್ಕದಾದರೆ ಮೂಗನ್ನು ಇಳಿಯುವ ಭಂಗಿಯಲ್ಲೇ ಹಿಡಿದು ಕಾಯಿರಿ. ದೊಡ್ಡದಾದರೆ, ಅಥವಾ ಎರಡನೆಯದಾದರೆ, ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಪೂರ್ತಿ ತೆರೆದು ಮತ್ತೆ ಮೇಲೇರಿ.

ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್‌ನಲ್ಲಿ ಅಂಕ ಅರ್ಧಂಬರ್ಧ. ಶಕ್ತಿ ಸಾಕಷ್ಟಿದೆ. ಆದರೆ ಇಳಿಯಲು ಹೊಂದಿಸಿದ ಟ್ರಿಮ್‌ನಲ್ಲಿ ಪೂರ್ಣ ಥ್ರಾಟಲ್ ಕೊಟ್ಟಾಗ ಮೂಗು ಜೋರಾಗಿ ಮೇಲಕ್ಕೂ ಎಡಕ್ಕೂ ಹೋಗುತ್ತದೆ, ಯೋಕನ್ನು ಗಟ್ಟಿಯಾಗಿ ಮುಂದೆ ಒತ್ತಿ ಬಲ ರಡ್ಡರ್ ಹಿಡಿಯಬೇಕು. ಫ್ಲಾಪ್ ತಕ್ಷಣ 20ಕ್ಕೆ, ವೇಗ 60 ನಾಟ್, ಆಮೇಲೆ 10, ಅಡ್ಡಿಗಳು ದಾಟಿ, ಸುರಕ್ಷಿತ ಎತ್ತರ ಮತ್ತು 65 ನಾಟ್ ಸಿಕ್ಕ ಮೇಲೆ ಸೊನ್ನೆ. ಗಾಬರಿಯಲ್ಲಿ ಫ್ಲಾಪ್ ಲಿವರನ್ನು ಒಂದೇ ಸಲಕ್ಕೆ ಮೇಲೆ ತಳ್ಳಿದರೆ ವಿಮಾನ ಕುಸಿಯುತ್ತದೆ. ಚೆಕ್‌ಲಿಸ್ಟ್ ಹಾರಿಸಿ ಮಿಕ್ಸ್ಚರ್ (ಇಂಧನ-ಗಾಳಿ ಮಿಶ್ರಣ) ಲೀನ್‌ನಲ್ಲೇ, ಅಂದರೆ ಇಂಧನ ಕಡಿಮೆ ಇರುವಂತೆಯೇ ಬಿಟ್ಟಿದ್ದರೆ ಥ್ರಾಟಲ್ ತೆರೆದಾಗ ಎಂಜಿನ್ ತಡವರಿಸಬಹುದು. ಇಂಧನದ ಕೀಲಿ ಎರಡೂ ಟ್ಯಾಂಕ್‌ನಿಂದ ಒಟ್ಟಿಗೆ ಕೊಡುವುದು, ಮಡಚದ ಚಕ್ರ, ಕಾರ್ಬುರೇಟರ್ ಹೀಟ್ (ಕಾರ್ಬುರೇಟರ್‌ನಲ್ಲಿ ಮಂಜುಗಡ್ಡೆ ಕಟ್ಟದಂತೆ ಬಿಸಿಗಾಳಿ ಕೊಡುವ ಹಿಡಿ) ಇಲ್ಲದಿರುವುದು: ಗಡಿಬಿಡಿಯಲ್ಲಿ ಮರೆಯಬಹುದಾದ ಮೂರು ಕೆಲಸ ಇಲ್ಲಿ ಇಲ್ಲವೇ ಇಲ್ಲ. ಇದೇ ವರ್ಗದ ಪೈಪರ್ ಆರ್ಚರ್ ವಿಮಾನದಲ್ಲಿ ಟ್ಯಾಂಕನ್ನು ಕೈಯಾರೆ ಬದಲಿಸಬೇಕು. ಆದರೆ ಅದರ ಫ್ಲಾಪ್ ಸೀಟುಗಳ ನಡುವಿನ ಕೈಲಿವರ್. ಎಷ್ಟು ಇಳಿದಿದೆಯೆಂದು ಕೈಗೇ ತಿಳಿಯುತ್ತದೆ. ಸೆಸ್ನಾದ ವಿದ್ಯುತ್ ಫ್ಲಾಪ್‌ಗೆ ಆ ಸುಖವಿಲ್ಲ.

ಈ ವಿಮಾನಕ್ಕೆ ಒಂದು ಗಡಿ ಇಟ್ಟುಕೊಂಡರೆ ಸಾಕು. ನೆಲದಿಂದ 500 ಅಡಿ ಇರುವಾಗ ವೇಗ 65ರ ಆಚೀಚೆ 5 ನಾಟ್‌ನೊಳಗೆ, ಫ್ಲಾಪ್ ತೀರ್ಮಾನವಾಗಿ, ಮೂಗು ರನ್‌ವೇ ಗೆರೆಯಲ್ಲಿ ಇರಬೇಕು. 3 ಡಿಗ್ರಿ ಇಳಿಜಾರಿನಲ್ಲಿ, ಗಾಳಿ ಇಲ್ಲದಿದ್ದರೆ, ನಿಮಿಷಕ್ಕೆ ಸುಮಾರು 345 ಅಡಿ ಇಳಿತ ಸಾಕು. ಸೂಜಿ 800 ತೋರಿಸುತ್ತಿದ್ದರೆ ತಡವಾಗಿದೆ, ಮತ್ತೆ ಮೇಲೇರಿ ಹೊರಟುಬಿಡಿ.

ಹಳೆಯದನ್ನು ಕೊಳ್ಳುವವರಿಗೆ, ಬಾಡಿಗೆಗೆ ಹಾರಿಸುವವರಿಗೆ: ಹಿಂದಿನವರ ಅವಸರ ತಗಡಿನಲ್ಲಿ ಉಳಿದಿರುತ್ತದೆ. ಕೌಲಿಂಗ್ (ಎಂಜಿನ್ ಮುಚ್ಚಳ) ತೆಗೆಸಿ ಫೈರ್‌ವಾಲ್‌ನ ಕೆಳಭಾಗದಲ್ಲಿ, ಮೂಗಿನ ಕಾಲಿನ ಬ್ರಾಕೆಟ್ ಸುತ್ತ ಸುಕ್ಕಿದೆಯೇ ನೋಡಿ. ಕಪ್ಪು ಮಸಿ ಕಾಣುವ ರಿವೆಟ್ ಸಡಿಲಾಗಿರುತ್ತದೆ. ಟೈರಿನ ಒಂದೇ ಕಡೆ ಸವೆದ ಚಪ್ಪಟೆ ಜಾಗ ಕಂಡರೆ, ತೂಕ ಚಕ್ರಕ್ಕೆ ಬೀಳುವ ಮೊದಲೇ ಯಾರೋ ಬ್ರೇಕ್ ತುಳಿದಿದ್ದಾರೆ. ಬಾಲದ ಕೆಳಗಿನ ಹಗ್ಗ ಕಟ್ಟುವ ಬಳೆ ಉಜ್ಜಿ ಹೋಗಿದ್ದರೆ, ಮೂಗನ್ನು ಅತಿಯಾಗಿ ಎತ್ತಿ ಇಳಿಸಿದವರೂ ಇದ್ದರು.