ಮೊದಲು ತಾರ್ಕೋವ್‌ಸ್ಕಿಯೋ, ಪರಜಾನೊವೋ?

ಸೋವಿಯತ್ ಸಿನಿಮಾ ನೋಡಬೇಕೆಂದವರಿಗೆ ಎಲ್ಲರೂ ನಿರ್ದೇಶಕ ಆಂದ್ರೆಯ್ ತಾರ್ಕೋವ್‌ಸ್ಕಿಯ ಹೆಸರನ್ನೇ ಹೇಳುತ್ತಾರೆ. ನಾನು ಇನ್ನೊಬ್ಬ ನಿರ್ದೇಶಕ ಸೆರ್ಗೆಯ್ ಪರಜಾನೊವ್ ಕಡೆ ಬೆರಳು ತೋರಿಸುತ್ತೇನೆ. ಮೊದಲ ಕಾರಣ ತೀರಾ ಲೌಕಿಕವಾದದ್ದು: ಪರಜಾನೊವ್ ಅವರ ‘ದಾಳಿಂಬೆಯ ಬಣ್ಣ’ (1969) ಸುಮಾರು ಒಂದೂಕಾಲು ಗಂಟೆಯಲ್ಲಿ ಮುಗಿಯುತ್ತದೆ, ತಾರ್ಕೋವ್‌ಸ್ಕಿಯ ‘ಆಂದ್ರೆಯ್ ರುಬ್ಲೆವ್’ಗೆ ಮೂರು ಗಂಟೆ ಬೇಕು.

ಇಬ್ಬರೂ ಮಾಸ್ಕೋದ ಒಂದೇ ಸಿನಿಮಾ ಶಾಲೆಯಲ್ಲಿ ಕಲಿತವರು, ಆದರೆ ಕ್ಯಾಮೆರಾದ ನಡಿಗೆಯೇ ಬೇರೆ. ಪರಜಾನೊವ್ ಅದನ್ನು ಬಹುಮಟ್ಟಿಗೆ ಕದಲಿಸುವುದೇ ಇಲ್ಲ. ‘ದಾಳಿಂಬೆಯ ಬಣ್ಣ’ದಲ್ಲಿ ಬಿಳಿ ಬಟ್ಟೆಯ ಮೇಲೆ ದಾಳಿಂಬೆಯ ರಸ ಹರಡುತ್ತದೆ. ಮಾಳಿಗೆಯ ಮೇಲೆ ಒಣಗಲು ಹರವಿದ ಪುಸ್ತಕಗಳ ಹಾಳೆಗಳು ಗಾಳಿಗೆ ಪಟಪಟನೆ ಮಗುಚುತ್ತವೆ. ಇದು ಅರ್ಮೇನಿಯನ್ ಕವಿ ಸಯಾತ್-ನೋವಾನ ಬದುಕು ಎನ್ನುತ್ತಾರೆ, ಕಥೆ ಹುಡುಕಿದರೆ ಕೈಗೆ ಸಿಗದು. ತಾರ್ಕೋವ್‌ಸ್ಕಿ ಕಾಯಿಸುತ್ತಾರೆ. ‘ಸ್ಟಾಕರ್’ನಲ್ಲಿ (1979) ಮೂವರು ರೈಲು ಟ್ರಾಲಿಯಲ್ಲಿ ಸುಮ್ಮನೆ ಸಾಗುತ್ತಲೇ ಇರುತ್ತಾರೆ, ಚಕ್ರದ ಸದ್ದು ಕೇಳುತ್ತಲೇ ಇರುತ್ತದೆ, ಆಮೇಲೆ ಅಲ್ಲಿಯವರೆಗೆ ಬಣ್ಣವಿಲ್ಲದ ಪರದೆಗೆ ತಟ್ಟನೆ ಬಣ್ಣ ಬರುತ್ತದೆ. ತಾಳಿದವರಿಗೆ ಅದು ದೊಡ್ಡ ಬಹುಮಾನ. ಮೊಬೈಲ್ ಮುಟ್ಟದೆ ಕೂರಲಾಗದವರಿಗೆ ಶಿಕ್ಷೆ.

ನಿರ್ದೇಶಕರ ಬದುಕಿನ ಕಥೆಯೇ ಮುಖ್ಯ ಎನ್ನುವವರಿಗೂ ಪರಜಾನೊವ್ ಅವರೇ ತಕ್ಕವರು. 1973ರಲ್ಲಿ ಬಂಧನ, 1977ರ ಕೊನೆಗೆ ಬಿಡುಗಡೆ. ಜೈಲಿನಲ್ಲಿ ಸಿಕ್ಕಿದ ಚೂರುಪಾರುಗಳಿಂದಲೇ ಕೊಲಾಜ್ ಮಾಡಿದರು. ಅವರ ಬಿಡುಗಡೆಗಾಗಿ ದನಿಯೆತ್ತಿದವರಲ್ಲಿ ತಾರ್ಕೋವ್‌ಸ್ಕಿಯೂ ಒಬ್ಬರು. ಮುಂದೆ ತಾರ್ಕೋವ್‌ಸ್ಕಿ ತಾವೇ ದೇಶ ಬಿಟ್ಟು, 1986ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.

ಕಥೆ ಇರಲೇಬೇಕು ಎನ್ನುವವರು ಮಾತ್ರ ತಾರ್ಕೋವ್‌ಸ್ಕಿಯ ‘ಇವಾನನ ಬಾಲ್ಯ’ದಿಂದ (1962) ಶುರುಮಾಡಿ. ಯುದ್ಧದ ನಡುವಿನ ಹುಡುಗನೊಬ್ಬನ ಕಥೆ ಅದು. ಪರಜಾನೊವ್ ತಮ್ಮ ದಾರಿ ಬದಲಿಸಿಕೊಂಡದ್ದೂ ಅದನ್ನು ನೋಡಿದ ಮೇಲೆಯೇ.