ಮೂರನೆಯವನೇ ಕಾಣದ ನಕ್ಷೆ: 399 ರೂಪಾಯಿ ಕೊಟ್ಟು ನೋಡಿದ್ದು

ಐದಕ್ಕೆ ಎರಡೂವರೆ ಸ್ಟಾರ್. ಅದೂ ಉಚಿತವಾಗಿ ಸಿಗುವ ಭಾಗಕ್ಕೆ.

ಅಮೆರಿಕದ ಅಧ್ಯಕ್ಷ ಚುನಾವಣೆಯ ನಕ್ಷೆ ಇಟ್ಟುಕೊಂಡು ಆಡುವ ಆ್ಯಪ್ ಇದು. ಹೆಸರು ಬೇಡ, ಇಂಥವು ಬೇರೆಯೂ ಇವೆ. ಒಂದು ರಾಜ್ಯದ ಮೇಲೆ ಬೆರಳಿಟ್ಟರೆ ನೀಲಿ, ಇನ್ನೊಮ್ಮೆ ಇಟ್ಟರೆ ಕೆಂಪು. ಮೇಲ್ಗಡೆ ಲೆಕ್ಕ ಓಡುತ್ತಿರುತ್ತದೆ, 538ರಲ್ಲಿ 270 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯ ರಾಜ್ಯಕ್ಕೆ ಹಂಚಿಟ್ಟ ಮತ) ಮುಟ್ಟಿದ ಕೂಡಲೇ ಟಿಣ್ ಅಂತ ಗಂಟೆ ಹೊಡೆಯುತ್ತದೆ. ಇಷ್ಟಕ್ಕೆ ದುಡ್ಡು ಬೇಡ. ನಾನು ವರ್ಷಕ್ಕೆ 399 ರೂಪಾಯಿ ಕಟ್ಟಿದ್ದು ‘ಮೂರನೇ ಅಭ್ಯರ್ಥಿ’ ಅನ್ನುವ ಭಾಗಕ್ಕೆ. ಪಕ್ಷೇತರನೊಬ್ಬ ಕಣಕ್ಕಿಳಿದರೆ ಡೆಮಾಕ್ರಟಿಕ್, ರಿಪಬ್ಲಿಕನ್ ಎರಡರಲ್ಲಿ ಯಾರ ಬುಡ ಅಲ್ಲಾಡುತ್ತದೆ ಅಂತ ಅದು ತೋರಿಸುತ್ತದಂತೆ.

ಈ ಹುಚ್ಚು ಹತ್ತಿಸಿದವಳು ಅಕ್ಕ. ಅವಳಿರುವುದು ಮಿಷಿಗನ್‌ನಲ್ಲಿ. 2024ರಲ್ಲಿ ಮತಪತ್ರ ಕೈಗೆ ಬಂದ ದಿನ ಫೋನ್ ಮಾಡಿ, “ಹಿಂದೆ ಸರಿದವನ ಹೆಸರು ಇಲ್ಲಿ ಹಾಗೇ ಇದೆ ಕಣೋ” ಅಂದಳು. ರಾಬರ್ಟ್ ಕೆನಡಿ ಜೂನಿಯರ್ ವಿಷಯ. ಡೆಮಾಕ್ರಟಿಕ್ ಪಕ್ಷದ ಟಿಕೆಟ್ಟಿಗೆ ಓಡಾಡಿ, 2023ರ ಅಕ್ಟೋಬರ್‌ನಲ್ಲಿ ಪಕ್ಷೇತರನಾಗಿ, 2024ರ ಆಗಸ್ಟ್‌ನಲ್ಲಿ ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಕೊಟ್ಟವರು. ಮೊದಲು ಮತಪತ್ರದಲ್ಲಿ ಹೆಸರು ಹಾಕಿಸಲು ಕೋರ್ಟಿಗೆ ಅಲೆದಾಟ, ಆಮೇಲೆ ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಅದೇ ಹೆಸರು ತೆಗೆಸಲು ಅಲೆದಾಟ! ಸುಪ್ರೀಂ ಕೋರ್ಟ್ ತನಕ ಹೋದರೂ ಹೆಸರು ಹೋಗಲಿಲ್ಲ. ಮಿಷಿಗನ್‌ನಲ್ಲಿ ಅವರಿಗೆ ಸುಮಾರು 27 ಸಾವಿರ ಮತ ಬಿತ್ತು. ಅಲ್ಲಿ ಟ್ರಂಪ್ ಗೆದ್ದಿದ್ದೇ 80 ಸಾವಿರದ ಅಂತರದಲ್ಲಿ, ಹಾಗಾಗಿ ಏನೂ ಬದಲಾಗಲಿಲ್ಲ. ವರ್ಷವಿಡೀ ಎರಡೂ ಪಕ್ಷದವರು ಹೆದರಿದ್ದು ಮಾತ್ರ ನಿಜ.

ಸರಿ, ಆ್ಯಪ್‌ಗೆ ಬರೋಣ. ಮೊದಲು ಪರೀಕ್ಷೆಗೆ ಇಟ್ಟಿದ್ದು 1992. ಟೆಕ್ಸಸ್‌ನ ಕೋಟ್ಯಧಿಪತಿ ರಾಸ್ ಪೆರೋ ಸ್ವಂತ ದುಡ್ಡಲ್ಲಿ ಟಿವಿಯಲ್ಲಿ ಅರ್ಧರ್ಧ ಗಂಟೆ ಸಮಯ ಕೊಂಡು, ಕೈಯಲ್ಲಿ ಚಾರ್ಟ್ ಹಿಡಿದು ಸರ್ಕಾರದ ಸಾಲದ ಪಾಠ ಮಾಡಿದ ವರ್ಷ. ಜೂನ್‌ನಲ್ಲಿ ಸಮೀಕ್ಷೆಗಳಲ್ಲಿ ರಿಪಬ್ಲಿಕನ್ ಅಧ್ಯಕ್ಷ ಬುಷ್ (ಅಪ್ಪ ಬುಷ್), ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಇಬ್ಬರಿಗಿಂತ ಮುಂದಿದ್ದರು, ಜುಲೈನಲ್ಲಿ ‘ನಾನಿಲ್ಲ’ ಅಂದರು, ಅಕ್ಟೋಬರ್‌ನಲ್ಲಿ ವಾಪಸ್ ಬಂದರು. ಇಷ್ಟೆಲ್ಲ ಆದಮೇಲೂ ಶೇ. 18.9 ಮತ ಸಿಕ್ಕಿತು. ನಕ್ಷೆ ತೆಗೆದರೆ ಏನಿದೆ? ಕ್ಲಿಂಟನ್ 370, ಬುಷ್ 168. ಪೆರೋ ಸೊನ್ನೆ. ಸುಮಾರು 2 ಕೋಟಿ ಜನ ಒತ್ತಿದ ಮತಕ್ಕೆ ನಕ್ಷೆಯಲ್ಲಿ ಒಂದು ಚುಕ್ಕೆ ಬಣ್ಣವೂ ಇಲ್ಲ.

ಇದು ಆ್ಯಪ್‌ನ ತಪ್ಪಲ್ಲ, ಒಪ್ಪಿಕೊಂಡೆ. ಮೇನ್, ನೆಬ್ರಾಸ್ಕಾ ಬಿಟ್ಟರೆ ಎಲ್ಲ ಕಡೆ ರಾಜ್ಯದಲ್ಲಿ ಮೊದಲು ಬಂದವನಿಗೇ ಪೂರ್ತಿ ಗಂಟು. ಮೇನ್‌ನಲ್ಲಿ ಪೆರೋ ಬುಷ್‌ಗಿಂತ ಮುಂದೆ ಬಂದು ಎರಡನೇ ಸ್ಥಾನ ಹಿಡಿದರು, ಯೂಟಾದಲ್ಲಿ ಕ್ಲಿಂಟನ್‌ಗಿಂತ ಮುಂದೆ. ಎರಡನೇ ಸ್ಥಾನಕ್ಕೆ ಏನು ಬೆಲೆ? ಅದೇ 1968ರಲ್ಲಿ ಮೂರನೇ ಅಭ್ಯರ್ಥಿಯಾಗಿ ನಿಂತ ಜಾರ್ಜ್ ವ್ಯಾಲೇಸ್‌ಗೆ ಬಿದ್ದಿದ್ದು ಶೇ. 13.5 ಮಾತ್ರ, ಆದರೆ ದಕ್ಷಿಣದ ಐದು ರಾಜ್ಯ ಗೆದ್ದು 46 ಎಲೆಕ್ಟೋರಲ್ ಮತ ಹೊಡೆದರು. ಜನಾಂಗಭೇದದ ರಾಜಕೀಯದಿಂದ ಬಂದ ಮತ ಅದು, ಒಂದೇ ಕಡೆ ಗುಡ್ಡೆ ಬಿದ್ದಿತ್ತು. ಪೆರೋ ಮತ ಊರಿಗೆಲ್ಲ ಹಂಚಿದ ಚರುಪಿನ ಹಾಗೆ.

ದುಡ್ಡಿಗೆ ಮೋಸ ಆಗಿದ್ದು ಇಲ್ಲಿಂದ. ‘ಮೂರನೇ ಅಭ್ಯರ್ಥಿ’ಗೆ ಒಂದು ಕಡ್ಡಿ ಕೊಟ್ಟಿದ್ದಾರೆ, ಬೆರಳಲ್ಲಿ ಎಳೆದರೆ ಅವನ ಮತ ಏರುತ್ತದೆ. ಶೇ. 19ಕ್ಕೆ ಎಳೆದೆ. ಎಲ್ಲ ರಾಜ್ಯದಲ್ಲೂ ಅದೇ 19! ಪೆರೋಗೆ ಮೇನ್‌ನಲ್ಲಿ ಶೇ. 30 ಬಿದ್ದರೆ ಮಿಸಿಸಿಪ್ಪಿಯಲ್ಲಿ 9 ಕೂಡ ಇರಲಿಲ್ಲ ಸ್ವಾಮಿ. ಪಕ್ಷೇತರನ ಕತೆ ಇರುವುದೇ ಈ ಏರುಪೇರಿನಲ್ಲಿ, ಅದನ್ನೇ ಚಪ್ಪಟೆ ಮಾಡಿಬಿಟ್ಟರೆ ತೋರಿಸುವುದಾದರೂ ಏನನ್ನು?

‘ಇವನಿಲ್ಲದಿದ್ದರೆ’ ಅನ್ನುವ ಬಟನ್ ಇನ್ನೂ ಕೆಟ್ಟದು. 1992ರಲ್ಲಿ ಒತ್ತಿದರೆ ಪೆರೋ ಮತವೆಲ್ಲ ಹೋಗಿ ಬುಷ್ ತಲೆ ಮೇಲೆ ಬೀಳುತ್ತದೆ. ಬುಷ್ ಸೋತಿದ್ದು ಪೆರೋಯಿಂದಲೇ ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಆದರೆ ಅಂದು ಮತಗಟ್ಟೆಯಿಂದ ಹೊರಬಂದವರನ್ನು ಕೇಳಿದ ಸಮೀಕ್ಷೆಯಲ್ಲಿ ಪೆರೋ ಇಲ್ಲದಿದ್ದರೆ ಬುಷ್‌ಗೆ ಅಂದವರು ಶೇ. 38, ಕ್ಲಿಂಟನ್‌ಗೆ ಅಂದವರೂ 38. ಮನೆಯಲ್ಲೇ ಇರ್ತಿದ್ದೆ ಅಂದವರೂ ಇದ್ದರು. ಈ ಮೂರನೇ ಗುಂಪಿಗೆ ಆ್ಯಪ್‌ನಲ್ಲಿ ಜಾಗವೇ ಇಲ್ಲ.

2000ದ ಫ್ಲೋರಿಡಾದಲ್ಲಿ ಮಾತ್ರ ಬಟನ್ ಕೆಲಸ ಮಾಡುತ್ತದೆ. ರಾಲ್ಫ್ ನೇಡರ್ ಆಗ ಪಕ್ಷೇತರ ಅಲ್ಲ, ಗ್ರೀನ್ ಪಕ್ಷ. ಅವರಿಗೆ 97,488 ಮತ, ರಿಪಬ್ಲಿಕನ್ ಪಕ್ಷದ ಮಗ ಬುಷ್ ಡೆಮಾಕ್ರಟಿಕ್ ಪಕ್ಷದ ಅಲ್ ಗೋರ್ ವಿರುದ್ಧ ಗೆದ್ದಿದ್ದು 537ರಿಂದ. ನೇಡರ್ ಮತದಲ್ಲಿ ನೂರಕ್ಕೆ ಒಂದು ಹೆಚ್ಚುವರಿಯಾಗಿ ಗೋರ್ ಕಡೆ ವಾಲಿದ್ದರೂ ಸಾಕಿತ್ತು. ನ್ಯೂ ಹ್ಯಾಂಪ್‌ಶೈರ್ ಕೂಡ ನೋಡಿ, ಅಲ್ಲಿನ 4 ಎಲೆಕ್ಟೋರಲ್ ಮತ ಸಿಕ್ಕಿದ್ದರೆ ಗೋರ್‌ಗೆ ಫ್ಲೋರಿಡಾ ಬೇಕೇ ಇರಲಿಲ್ಲ. ಯಾರೂ ಮಾತಾಡದ ರಾಜ್ಯ.

ಕೊನೇ ಆಟ: ಯಾರಿಗೂ 270 ಬರದ ಹಾಗೆ ಬಣ್ಣ ಹಚ್ಚಿದೆ. ‘ಫಲಿತಾಂಶವಿಲ್ಲ’ ಅಂತ ಬೂದು ಪೆಟ್ಟಿಗೆ ಬಂತು, ಮುಗೀತು. ಅಲ್ಲಪ್ಪಾ, ವಿಷಯ ಶುರುವಾಗುವುದೇ ಅಲ್ಲಿಂದ! ಆಗ ಆಯ್ಕೆ ಅಮೆರಿಕ ಸಂಸತ್ತಿನ ಕೆಳಮನೆಗೆ ಹೋಗುತ್ತದೆ, ರಾಜ್ಯಕ್ಕೊಂದೇ ಮತ, ಗೆಲ್ಲಲು 26 ಬೇಕು. ಕ್ಯಾಲಿಫೋರ್ನಿಯಾಕ್ಕೂ ಒಂದು, ವಯೋಮಿಂಗ್‌ಗೂ ಒಂದು. ಅತಂತ್ರ ಫಲಿತಾಂಶ ಅಂದ ಕೂಡಲೇ ರೆಸಾರ್ಟ್ ನೆನಪಾಗುವ ನಮ್ಮಂಥವರಿಗೆ ಇದಕ್ಕಿಂತ ರುಚಿಯಾದ ಭಾಗ ಇನ್ನೊಂದಿಲ್ಲ, ಅದನ್ನೇ ಬಿಟ್ಟಿದ್ದಾರೆ.

ದುಡ್ಡು ಕೊಡಬೇಡಿ. ಪೆರೋ ಹೇಗಿದ್ದರು ಅಂತ ನೋಡಬೇಕಿದ್ದರೆ ಅಮೆರಿಕದ ಸಿ-ಸ್ಪ್ಯಾನ್ ಟಿವಿ ಚಾನೆಲ್‌ನ ಸಂಗ್ರಹದಲ್ಲಿ 1992ರ ಮೂವರ ಚರ್ಚೆಗಳಿವೆ, ಪುಕ್ಕಟೆ. ನಾನು ಆಟೋ-ರಿನ್ಯೂವಲ್ ನಿಲ್ಲಿಸಿದ್ದೇನೆ. ಉಚಿತ ನಕ್ಷೆ ಫೋನಿನಲ್ಲಿ ಹಾಗೇ ಇದೆ, ಅಕ್ಕನ ಜೊತೆ ಜಗಳಕ್ಕೆ ಬೇಕಾಗುತ್ತದೆ.